ಎತ್ತಿ ನೋಡಬೇಡಿ, ಇಳಿಸಿ ನೋಡಿ

ಸೈಕಲ್ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸ ಒಂದೇ. ನಿಲ್ಲಿಸಿದ ಸೈಕಲ್ಲಿನ ಬಾರಿಗೆ ಕೈ ಹಾಕಿ, ಒಂದೇ ಕೈಯಲ್ಲಿ ಎತ್ತಿ ನೋಡುವುದು. ಹಗುರ ಅನ್ನಿಸಿದರೆ ಹುಬ್ಬು ಮೇಲೇರುತ್ತದೆ, ಭಾರ ಅನ್ನಿಸಿದರೆ ಮುಖ ಸಪ್ಪಗಾಗುತ್ತದೆ. ಸಂತೆಯಲ್ಲಿ ಕುಂಬಳಕಾಯಿ ಎತ್ತಿ ತೂಕ ಹೇಳುವ ಅಭ್ಯಾಸ ಇಲ್ಲಿಗೂ ಬಂದಿರುತ್ತದೆ. ಅಂಗಡಿಯವನಿಗೂ ಇದು ಗೊತ್ತು. "ಇದು ಹದಿಮೂರೂವರೆ ಕೆ.ಜಿ., ಅದು ಹನ್ನೊಂದು" ಎಂದು ಹೇಳಿ ಸುಮ್ಮನಾಗುತ್ತಾನೆ. ಉಳಿದ ಮಾತನ್ನು ಗಿರಾಕಿಯ ಕೈಯೇ ಆಡುತ್ತದೆ. ಎರಡೂವರೆ ಕೆ.ಜಿ. ಕಡಿಮೆ ಮಾಡಿಕೊಳ್ಳಲು ಲಕ್ಷ ರೂಪಾಯಿ ಹೆಚ್ಚು ಕೊಡುವ ಮನಸ್ಸು ಅಲ್ಲೇ ಗಟ್ಟಿಯಾಗುತ್ತದೆ.

ಆಫ್‌ರೋಡ್ ಟ್ರಯಥ್ಲಾನ್‌ಗೆಂದು ಮೌಂಟನ್ ಬೈಕ್ ಕೊಳ್ಳುವವರು ಹೀಗೆ ಎತ್ತಿ ನೋಡಿ ಆರಿಸಿದರೆ ದುಡ್ಡು ಹೋಗುವ ಜಾಗ ತಪ್ಪುತ್ತದೆ. ಈ ಸ್ಪರ್ಧೆಯಲ್ಲಿ ಸೈಕಲ್ಲಿನ ಕೆಲಸ ಏರನ್ನು ಬೇಗ ಹತ್ತುವುದಷ್ಟೇ ಅಲ್ಲ. ಈಜಿ ದಣಿದ ಕೈಗಳಿಗೆ ಇಳಿಜಾರಿನಲ್ಲಿ ಭರವಸೆ ಕೊಡಬೇಕು, ದಾರಿಯ ನಡುವೆ ಕೈಕೊಡಬಾರದು, ಕೊನೆಗೆ ಸವಾರನನ್ನು ಓಡಬಲ್ಲ ಸ್ಥಿತಿಯಲ್ಲಿ ಕೆಳಗಿಳಿಸಬೇಕು. ಈ ಮೂರನ್ನೂ ತಕ್ಕಡಿ ಹೇಳುವುದಿಲ್ಲ.

ರಸ್ತೆಯ ಟ್ರಯಥ್ಲಾನ್ ಬಗ್ಗೆ ಕೇಳಿದವರು ಈಗ ಬಹಳ ಮಂದಿ. ಅದರ ಮಣ್ಣಿನ ತಮ್ಮನ ಪರಿಚಯ ಕಡಿಮೆ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ 'ಆಕ್ವಾಟೆರಾ' ಎಂಬ ಹೆಸರಿನಲ್ಲಿ ಒಂದು ಸ್ಪರ್ಧೆ ಶುರುವಾಯಿತು. ಮುಂದೆ ಅದೇ 'ಎಕ್ಸ್‌ಟೆರಾ' ಆಯಿತು. ಸಾಮಾನ್ಯ ಅಳತೆ ಹೀಗೆ: ತೆರೆದ ನೀರಿನಲ್ಲಿ 1.5 ಕಿ.ಮೀ. ಈಜು, ಗುಡ್ಡಗಾಡಿನಲ್ಲಿ ಸುಮಾರು 30 ಕಿ.ಮೀ. ಸೈಕಲ್, ಕಾಲುದಾರಿಯಲ್ಲಿ 10 ಕಿ.ಮೀ. ಓಟ. ಜಾಗಕ್ಕೆ ತಕ್ಕಂತೆ ದೂರ ಅಷ್ಟಿಷ್ಟು ಹೆಚ್ಚುಕಡಿಮೆ ಆಗುತ್ತದೆ. ವರ್ಷಗಟ್ಟಲೆ ಮಾವಿಯಲ್ಲೇ ನಡೆದ ಇದರ ವಿಶ್ವ ಚಾಂಪಿಯನ್‌ಶಿಪ್ 2022ರಲ್ಲಿ ಇಟಲಿಯ ತ್ರೆಂತಿನೊ ಪ್ರಾಂತ್ಯದ ಮೊಲ್ವೆನೊ ಸರೋವರದ ದಂಡೆಗೆ ಬಂತು. ಭಾರತದಲ್ಲಿ ಇಂಥ ಸ್ಪರ್ಧೆಗಳು ಇನ್ನೂ ವಿರಳ. ಆದರೆ ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ರಸ್ತೆಯ ಟ್ರಯಥ್ಲಾನ್ ಮಾಡಿ, ಲಾರಿಗಳ ನಡುವೆ ತರಬೇತಿ ಮಾಡಿ ಸಾಕಾಗಿ, ಗುಡ್ಡದ ಕಡೆ ಮುಖ ಮಾಡಿದವರು ಇದ್ದಾರೆ. ಅಂಥವರ ಮೊದಲ ದೊಡ್ಡ ಖರ್ಚು ಈ ಸೈಕಲ್.

ಇಬ್ಬರು ಗೆದ್ದವರು

ನೆಡ್ ಓವರೆಂಡ್ ಅಮೆರಿಕದ ಮೌಂಟನ್ ಬೈಕ್ ಸವಾರ. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಸ್‌ಕಂಟ್ರಿ ಗೆದ್ದವರು. 1998ರಲ್ಲಿ, 43ನೇ ವಯಸ್ಸಿನಲ್ಲಿ, ಅವರು ಮಾವಿಗೆ ಹೋಗಿ ಎಕ್ಸ್‌ಟೆರಾ ಗೆದ್ದರು. ಮರುವರ್ಷ ಮತ್ತೆ ಗೆದ್ದರು. ಈಜುಗಾರರ ಸಾಲಿನಲ್ಲಿ ಹೆಸರಿದ್ದವರಲ್ಲ ಅವರು. ಹಾಗಾಗಿ ಬಹಳ ಮಂದಿ ಒಂದು ಪಾಠ ಕಲಿತರು: ಇದು ಸೈಕಲ್ಲಿನ ಆಟ; ಒಳ್ಳೆಯ ಸೈಕಲ್ ಇದ್ದರೆ ಅರ್ಧ ಗೆದ್ದಂತೆ.

2012ರಲ್ಲಿ ಸ್ಪೇನಿನ ಹಾವಿಯೆರ್ ಗೋಮೆಸ್ ಬಂದರು. ಆ ವರ್ಷವೇ ಲಂಡನ್ ಒಲಿಂಪಿಕ್ಸ್‌ನ ಟ್ರಯಥ್ಲಾನ್‌ನಲ್ಲಿ ಬೆಳ್ಳಿ ಪಡೆದವರು. ಈಜು ಮತ್ತು ಓಟ ಅವರ ಬಲ. ಅವರೂ ಮಾವಿಯಲ್ಲಿ ಗೆದ್ದರು. ಸೈಕಲ್ಲಿನ ಆಟ ಎಂದವರು ಈಗ ಮಾತು ಬದಲಿಸಬೇಕಾಯಿತು.

ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಒಬ್ಬರು ಸೈಕಲ್ ಮೇಲೆ ಗಳಿಸಿದರು, ಇನ್ನೊಬ್ಬರು ಸೈಕಲ್ ಮೇಲೆ ಕಳೆದುಕೊಳ್ಳಲಿಲ್ಲ. ಇಬ್ಬರೂ ಸೈಕಲ್ ಇಳಿದ ಮೇಲೆ ಓಡಬಲ್ಲವರಾಗಿದ್ದರು. ಬರ್ಮುಡಾದ ಫ್ಲೋರಾ ಡಫಿ ಮಾವಿಯಲ್ಲಿ ಹಲವು ಬಾರಿ ಗೆದ್ದು, 2021ರಲ್ಲಿ ಟೋಕಿಯೋದಲ್ಲಿ ತಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದರು. ಆ ಚಿನ್ನ ಬಂದದ್ದು ಟಾರು ರಸ್ತೆಯ ಮೇಲೆ, ಬೇರೆಯದೇ ಜಾತಿಯ ಸೈಕಲ್ ಮೇಲೆ. ಸೈಕಲ್ ಬದಲಾದರೂ ಕೈಗೆ ಬಂದ ವಿದ್ಯೆ ಜೊತೆಗೇ ಹೋಗುತ್ತದೆ. ಕೊಳ್ಳುವವರು ಮರೆಯಬಾರದ ಮೊದಲ ಸಂಗತಿ ಇದು.

ತೂಕದ ಲೆಕ್ಕ

ತೂಕಕ್ಕೆ ಬೆಲೆಯೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಅದರ ಬೆಲೆ ಎಷ್ಟು ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಹೇಳುತ್ತದೆ. 30 ಕಿ.ಮೀ. ದಾರಿಯಲ್ಲಿ ಒಟ್ಟು 800 ಮೀಟರ್ ಏರು ಇದೆ ಎಂದಿಟ್ಟುಕೊಳ್ಳಿ. ಗುಡ್ಡದ ದಾರಿಗೆ ಇದು ಸಣ್ಣ ಏರಲ್ಲ. ಒಂದು ಕೆ.ಜಿ.ಯನ್ನು 800 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 7,840 ಜೌಲ್. ಸವಾರ 200 ವಾಟ್ ಶಕ್ತಿಯಿಂದ ತುಳಿಯುತ್ತಾನೆ ಎಂದರೆ ಅದು 39 ಸೆಕೆಂಡಿನ ಕೆಲಸ. 150 ವಾಟ್ ಎಂದರೆ 52 ಸೆಕೆಂಡು. ಅಲ್ಲಿಗೆ ಮುಗಿಯಿತು. ಹತ್ತಾರು ಸಾವಿರ ರೂಪಾಯಿ ಕೊಟ್ಟು ಉಳಿಸಿದ ಒಂದು ಕೆ.ಜಿ., ಎರಡು ಗಂಟೆಗೂ ಹತ್ತಿರದ ಸೈಕಲ್ ಸವಾರಿಯಲ್ಲಿ ಕೊಡುವುದು ಹೆಚ್ಚೂಕಡಿಮೆ ಒಂದು ನಿಮಿಷ.

ಈಗ ಇನ್ನೊಂದು ತಟ್ಟೆಗೆ ಬರೋಣ. ಹಿಂದಿನ ಚಕ್ರ ಪಂಕ್ಚರ್ ಆದರೆ, ಎದೆ ಬಡಿದುಕೊಳ್ಳುತ್ತಿರುವಾಗ, ಬೆವರಿದ ಬೆರಳುಗಳಲ್ಲಿ ಟ್ಯೂಬ್ ಬದಲಿಸಲು ಐದಾರು ನಿಮಿಷ ಸುಲಭವಾಗಿ ಹೋಗುತ್ತದೆ. ಟ್ರಯಥ್ಲಾನ್‌ನಲ್ಲಿ ದಾರಿ ಮಧ್ಯೆ ಸೈಕಲ್ ಕೆಟ್ಟರೆ ಸರಿಪಡಿಸಿಕೊಳ್ಳಬೇಕಾದವರು ಸ್ಪರ್ಧಿಯೇ. ಹಿಂದೆ ಕಾರಿನಲ್ಲಿ ಮೆಕ್ಯಾನಿಕ್ ಬರುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಧೈರ್ಯ ಸಾಲದೆ ಸೈಕಲ್ ತಳ್ಳಿಕೊಂಡು ನಡೆದರೆ ಪ್ರತಿ ಬಾರಿಯೂ ನಿಮಿಷಗಳು ಸೋರುತ್ತವೆ. ಬಿದ್ದು ಕಾಲರ್‌ಬೋನ್ ಮುರಿದರೆ ಹೋಗುವುದು ತಿಂಗಳುಗಳು, ಜೊತೆಗೆ ಮನೆಯವರ ಒಪ್ಪಿಗೆ.

ಸೀಟಿನ ಕೆಳಗಿನ ಡ್ರಾಪರ್ ಪೋಸ್ಟ್ ಎಂಬ ಸಾಧನದ ಕಥೆಯೇ ನೋಡಿ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುತ್ತದೆ, ಇಳಿಜಾರಿನಲ್ಲಿ ಸವಾರ ಮೈಯನ್ನು ತಗ್ಗಿಸಿ ಹಿಂದಕ್ಕೆ ಸರಿಸಲು ಜಾಗ ಸಿಗುತ್ತದೆ. ಸಾದಾ ಪೋಸ್ಟ್‌ಗಿಂತ ಇದು 350 ಗ್ರಾಂ ಆಸುಪಾಸು ಹೆಚ್ಚು ತೂಗುತ್ತದೆ ಎಂಬ ಕಾರಣಕ್ಕೆ ಅನೇಕರು ಬೇಡ ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ ಆ 350 ಗ್ರಾಂನ ಬೆಲೆ ಸುಮಾರು 14 ಸೆಕೆಂಡು. ಇಳಿಜಾರಿನಲ್ಲಿ ಸೀಟು ಹೊಟ್ಟೆಗೆ ಗುದ್ದುತ್ತಿದ್ದರೆ ಮೊದಲ ತಿರುವಿನಲ್ಲೇ ಬ್ರೇಕ್ ಹಿಡಿದು ಕಳೆಯುವ ಸಮಯ ಅದಕ್ಕಿಂತ ಹೆಚ್ಚು. ಹೊಸಬರಿಗೆ ಡ್ರಾಪರ್ ಆಡಂಬರ ಅಲ್ಲ. ಹಗುರ ಚಕ್ರಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು.

ದಣಿದ ತೋಳು, ಓಡಬೇಕಾದ ಕಾಲು

ಬರೀ ಮೌಂಟನ್ ಬೈಕ್ ರೇಸಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸೈಕಲ್ ರೇಸಿನವನು ತಾಜಾ ತೋಳುಗಳಿಂದ ಹೊರಡುತ್ತಾನೆ. ಟ್ರಯಥ್ಲಾನ್‌ನವನ ಭುಜಗಳು ಅಷ್ಟರಲ್ಲಿ ಅರ್ಧ ಗಂಟೆ ನೀರು ಹೊಡೆದಿರುತ್ತವೆ. ರಸ್ತೆಯ ಸೈಕಲ್ಲಿನಲ್ಲಾದರೆ ಮೊಣಕೈ ಊರಿ ಮಲಗಿದಂತೆ ಕೂತರೆ ತೋಳಿಗೆ ವಿಶ್ರಾಂತಿ. ಕಲ್ಲು ಬೇರುಗಳ ದಾರಿಯಲ್ಲಿ ಸೈಕಲ್ಲನ್ನು ನಡೆಸುವುದೇ ತೋಳು. ಹಾಗಾಗಿ ಮುಂದಿನ ಶಾಕರ್ ಚೆನ್ನಾಗಿರಬೇಕು, ಒಂದೇ ಬೆರಳಿಗೆ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಬೇಕು, ಹ್ಯಾಂಡಲ್ ಭುಜಕ್ಕೆ ತಕ್ಕಷ್ಟು ಅಗಲ ಇರಬೇಕು. ಈ ಮೂರರಲ್ಲಿ ಚೌಕಾಸಿ ಮಾಡಿ ಕಾರ್ಬನ್ ಚೌಕಟ್ಟಿಗೆ ದುಡ್ಡು ಸುರಿಯುವುದು, ಅಡಿಪಾಯದಲ್ಲಿ ಸಿಮೆಂಟು ಉಳಿಸಿ ಹಾಲ್‌ಗೆ ಮಾರ್ಬಲ್ ಹಾಕಿಸಿದ ಹಾಗೆ.

ಇನ್ನೊಂದು ತುದಿಯಲ್ಲಿ ಓಟ ಕಾದಿರುತ್ತದೆ. ಸೈಕಲ್ ರೇಸಿನವನು ಕೊನೆಯ ಗೆರೆ ದಾಟಿ ನೆಲಕ್ಕೆ ಉರುಳಬಹುದು. ಇಲ್ಲಿ ಅಲ್ಲಿಂದ 10 ಕಿ.ಮೀ. ಬಾಕಿ. ಹಾರ್ಡ್‌ಟೇಲ್ ಬೇಕೇ, ಫುಲ್ ಸಸ್ಪೆನ್ಷನ್ ಬೇಕೇ ಎಂಬ ಜಗಳ ಬಗೆಹರಿಯಬೇಕಾದದ್ದು ಈ ಓಟದ ಲೆಕ್ಕದಲ್ಲಿ. ಮುಂದೆ ಮಾತ್ರ ಶಾಕರ್ ಇರುವುದು ಹಾರ್ಡ್‌ಟೇಲ್, ಮುಂದೆ ಹಿಂದೆ ಎರಡೂ ಕಡೆ ಇರುವುದು ಫುಲ್ ಸಸ್ಪೆನ್ಷನ್. ಕ್ರಾಸ್‌ಕಂಟ್ರಿ ಜಾತಿಯ ಸೈಕಲ್ಲುಗಳಲ್ಲಿ ಶಾಕರ್ 100ರಿಂದ 120 ಮಿಲಿಮೀಟರ್ ಕುಗ್ಗುತ್ತದೆ; ಅದಕ್ಕಿಂತ ಹೆಚ್ಚಿನದು ಈ ಸ್ಪರ್ಧೆಗೆ ಬೇಕಿಲ್ಲ.

ಫುಲ್ ಸಸ್ಪೆನ್ಷನ್ ಪರವಾದ ವಾದ ಬಲವಾದದ್ದು, ಅದನ್ನು ಪೂರ್ತಿ ಕೇಳಬೇಕು. ಹಾರ್ಡ್‌ಟೇಲ್ ಮೇಲೆ ಒರಟು ದಾರಿ ಬಂದಾಗಲೆಲ್ಲ ಸವಾರ ಸೀಟಿನಿಂದ ಏಳಬೇಕು, ಇಲ್ಲವೇ ಬೆನ್ನಿಗೆ ಪೆಟ್ಟು ತಿನ್ನಬೇಕು. ಎದ್ದು ನಿಂತರೆ ತೊಡೆ ದಣಿಯುತ್ತದೆ. ಓಟಕ್ಕೆ ಬೇಕಾದದ್ದು ಅದೇ ತೊಡೆ, ಅದೇ ಸೊಂಟ. ಹಿಂದೆಯೂ ಶಾಕರ್ ಇದ್ದರೆ ಕೂತೇ ತುಳಿಯಬಹುದು. ಹಿಂದಿನ ಚಕ್ರ ನೆಲ ಬಿಡದೆ ಹಿಡಿಯುವುದರಿಂದ ಸಡಿಲ ಕಲ್ಲಿನ ಏರಿನಲ್ಲೂ ಜಾರುವುದು ಕಡಿಮೆ. ನಲವತ್ತೈದು ದಾಟಿದವರಿಗೆ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಬೆನ್ನು ನೋವು ತಂದುಕೊಂಡವರಿಗೆ ಇದು ಸಣ್ಣ ಮಾತಲ್ಲ. ಸೊಂಟ ಹಿಡಿದುಕೊಂಡರೆ ಓಟದ ಮೊದಲ ಕಿಲೋಮೀಟರ್‌ನಲ್ಲೇ ಗೊತ್ತಾಗುತ್ತದೆ.

ಹಾಗಿದ್ದೂ ಮೊದಲ ಸೈಕಲ್ ಹಾರ್ಡ್‌ಟೇಲ್ ಆಗಿರಲಿ ಎನ್ನುವುದಕ್ಕೆ ಎರಡು ಕಾರಣಗಳಿವೆ. ಒಂದು ದುಡ್ಡಿನದು. ಒಂದೇ ಬೆಲೆಗೆ ಸಿಗುವ ಎರಡರಲ್ಲಿ ಫುಲ್ ಸಸ್ಪೆನ್ಷನ್‌ನ ಮುಂದಿನ ಶಾಕರ್, ಬ್ರೇಕು, ಚಕ್ರ ಎಲ್ಲ ಒಂದು ಮೆಟ್ಟಿಲು ಕೆಳಗಿನವು ಆಗಿರುತ್ತವೆ. ಹಿಂದಿನ ಶಾಕರ್‌ನ, ಅದರ ಕೀಲುಗಳ ಖರ್ಚನ್ನು ತಯಾರಕರು ಎಲ್ಲಿಂದಲಾದರೂ ತೆಗೆಯಲೇಬೇಕಲ್ಲ. ಮಾರುಕಟ್ಟೆಯಲ್ಲಿ ಇಪ್ಪತ್ತು ಮೂವತ್ತು ಸಾವಿರಕ್ಕೆ 'ಡಬಲ್ ಶಾಕರ್' ಎಂದು ಸಿಗುವ ಸೈಕಲ್ಲುಗಳಂತೂ ಎರಡೂ ಲೋಕದ ಕೆಟ್ಟದ್ದನ್ನು ಕೂಡಿಸಿದವು: ಸ್ಪ್ರಿಂಗು ಕುಣಿಯುತ್ತದೆ, ತುಳಿದ ಶಕ್ತಿ ಅದರಲ್ಲೇ ಕರಗುತ್ತದೆ, ತೂಕ ಬೇರೆ. ಅದೇ ಹಣಕ್ಕೆ ಸಾದಾ ಹಾರ್ಡ್‌ಟೇಲ್ ಎಷ್ಟೋ ಮೇಲು. ಇನ್ನೊಂದಷ್ಟು ಕೂಡಿಸಿ, ಸವಾರನ ತೂಕಕ್ಕೆ ಹೊಂದಿಸಿಕೊಳ್ಳಬಹುದಾದ ಗಾಳಿ ತುಂಬುವ ಶಾಕರ್ ಇರುವುದನ್ನು ಕೊಂಡರೆ ವರ್ಷಗಟ್ಟಲೆ ಬದಲಿಸುವ ಯೋಚನೆ ಬರುವುದಿಲ್ಲ.

ಎರಡನೆಯ ಕಾರಣ ಕಲಿಕೆಯದು. ಹಾರ್ಡ್‌ಟೇಲ್ ತಪ್ಪನ್ನು ಮುಚ್ಚುವುದಿಲ್ಲ. ದಾರಿ ಆರಿಸುವುದು, ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು ತಿರುವಿನಲ್ಲಿ ಬಿಡುವುದು, ಮೊಣಕಾಲು ಮೊಣಕೈಗಳನ್ನು ಸಡಿಲ ಬಿಟ್ಟು ಮೈಯನ್ನೇ ಶಾಕರ್ ಮಾಡಿಕೊಳ್ಳುವುದು, ಇವನ್ನೆಲ್ಲ ಅದು ಪೆಟ್ಟು ಕೊಟ್ಟೇ ಕಲಿಸುತ್ತದೆ. ಒಂದೆರಡು ವರ್ಷ ಹೀಗೆ ಕಲಿತವರು ಬೆನ್ನು ಕೇಳಿದಾಗ ಫುಲ್ ಸಸ್ಪೆನ್ಷನ್‌ಗೆ ಹೋದರೆ ಅದರ ಬೆಲೆ ವಸೂಲಾಗುತ್ತದೆ. ಕಲಿಯದೆ ಹೋದವರು ಅದೇ ತಪ್ಪನ್ನು ಹೆಚ್ಚು ವೇಗದಲ್ಲಿ ಮಾಡುತ್ತಾರೆ. ಬೆನ್ನಿನ ತೊಂದರೆ ಮೊದಲೇ ಇದ್ದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅವರು ನೇರವಾಗಿ ಫುಲ್ ಸಸ್ಪೆನ್ಷನ್ ಕೊಂಡರೆ ಯಾರೂ ಕೊಂಕು ಮಾತಾಡಬೇಕಿಲ್ಲ.

ಬಳ್ಳಾರಿ ಜಾಲಿಯ ಪಾಠ

ಎಕ್ಸ್‌ಟೆರಾ ಮೊದಲು ನಡೆಯುತ್ತಿದ್ದದ್ದು ಮಾವಿಯ ಮಕೇನಾ ಎಂಬಲ್ಲಿ. ದ್ವೀಪದ ಒಣ ಭಾಗ ಅದು. ಲಾವಾ ಕಲ್ಲು, ಧೂಳು, ಮುಳ್ಳು. ಅಲ್ಲಿನ ಮುಳ್ಳಿನ ಮರಕ್ಕೆ ಹವಾಯಿಯವರು 'ಕಿಯಾವೆ' ಎನ್ನುತ್ತಾರೆ. ಹೊರಗಿನಿಂದ ಬಂದು ಒಣನೆಲದಲ್ಲೆಲ್ಲ ಹರಡಿದ ಮರ. ಪ್ರೊಸೋಪಿಸ್ ಕುಲದ್ದು. ಆ ಕುಲದ ಇನ್ನೊಂದು ಕುಡಿಯನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ: ಬಳ್ಳಾರಿ ಜಾಲಿ. ತಮಿಳರ ಸೀಮೈ ಕರುವೇಲಂ, ತೆಲುಗರ ಸರ್ಕಾರ್ ತುಮ್ಮ, ಮರಾಠಿಗರ ವೇಡಿ ಬಾಭೂಳ, ದೆಹಲಿಯ ರಿಡ್ಜ್ ತುಂಬ ಬೆಳೆದಿರುವ ವಿಲಾಯತಿ ಕೀಕರ್, ಎಲ್ಲವೂ ಅದೇ. ಚಪ್ಪಲಿ ತೂರಿ ಪಾದಕ್ಕೆ ಹೊಕ್ಕುವ ಆ ಮುಳ್ಳಿಗೆ ಸೈಕಲ್ ಟ್ಯೂಬು ಯಾವ ಲೆಕ್ಕ?

ಈ ಮುಳ್ಳಿನ ನಾಡಿನಲ್ಲಿ ಇರುವವರು ಚೌಕಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಚಕ್ರ ಟ್ಯೂಬ್‌ಲೆಸ್ ಆಗುತ್ತದೆಯೇ? ಟ್ಯೂಬ್ ತೆಗೆದು, ರಿಮ್ಮಿಗೆ ಟೇಪು ಸುತ್ತಿ, ಒಳಗೆ ಸೀಲೆಂಟ್ ದ್ರವ ಹಾಕಿದರೆ ಸಣ್ಣ ಮುಳ್ಳಿನ ರಂಧ್ರ ತಾನೇ ಮುಚ್ಚಿಕೊಳ್ಳುತ್ತದೆ; ಸವಾರನಿಗೆ ಗೊತ್ತೂ ಆಗುವುದಿಲ್ಲ. ಆದರೆ ಒಮ್ಮೆ ಹಾಕಿ ಮರೆಯುವ ಔಷಧಿ ಅಲ್ಲ ಅದು. ದಖನ್ನಿನ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಒಣಗಿ ಹೋಗುತ್ತದೆ. ಸ್ಪರ್ಧೆಯ ಹಿಂದಿನ ವಾರ ಚಕ್ರ ಅಲ್ಲಾಡಿಸಿ ದ್ರವದ ಸದ್ದು ಕೇಳುವುದು ಒಳ್ಳೆಯ ಅಭ್ಯಾಸ.

ಟ್ಯೂಬ್‌ಲೆಸ್‌ನ ದೊಡ್ಡ ಲಾಭ ಪಂಕ್ಚರ್ ತಪ್ಪುವುದು ಮಾತ್ರವಲ್ಲ, ಗಾಳಿ ಕಡಿಮೆ ಮಾಡಬಹುದು. ಬೀದಿ ಬದಿಯ ಸೈಕಲ್ ಅಂಗಡಿಗಳಲ್ಲಿ ಬೆರಳಿನಿಂದ ಒತ್ತಿ "ಕಲ್ಲಾಯಿತು" ಎನ್ನುವವರೆಗೆ ಗಾಳಿ ಹೊಡೆಯುವುದು ರೂಢಿ. ಟಾರು ರಸ್ತೆಗೆ ಅದು ಸರಿ. ಮಣ್ಣಿನ ಮೇಲೆ ಹಾಗೆ ಹೊಡೆದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಚೆಂಡಿನಂತೆ ಪುಟಿಯುತ್ತದೆ. 70 ಕೆ.ಜಿ. ಸವಾರ, 2.3 ಇಂಚಿನ ಟ್ಯೂಬ್‌ಲೆಸ್ ಟೈರು ಎಂದರೆ ಮುಂದೆ 20, ಹಿಂದೆ 22 ಅಥವಾ 23 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಬಹುದು. ರಿಮ್ಮು ಕಲ್ಲಿಗೆ ಬಡಿದರೆ ಸ್ವಲ್ಪ ಏರಿಸಬೇಕು, ಜಾರಿದರೆ ಸ್ವಲ್ಪ ಇಳಿಸಬೇಕು. ಟೈರೇ ಸೈಕಲ್ಲಿನ ಮೊದಲ ಶಾಕರ್, ಅತ್ಯಂತ ಅಗ್ಗದ ಶಾಕರ್ ಕೂಡ.

ಟೈರಿನ ಗುಬುಟುಗಳೂ ನೆಲಕ್ಕೆ ತಕ್ಕಂತೆ ಇರಬೇಕು. ಪುಣೆಯ ವೇತಾಳ ಟೇಕಡಿಯಂಥ ದಖನ್ನಿನ ಗುಡ್ಡಗಳಲ್ಲಿ ಗಟ್ಟಿ ಕಪ್ಪುಕಲ್ಲಿನ ಮೇಲೆ ಸಡಿಲ ಜಲ್ಲಿ ಹರಡಿರುತ್ತದೆ. ಒಣ ಅವಲಕ್ಕಿ ಚೆಲ್ಲಿದ ಗಾರೆನೆಲದ ಮೇಲೆ ನಡೆದಂತೆ. ಇಲ್ಲಿ ಎತ್ತರದ ಗುಬುಟಿಗಿಂತ ಅಗಲ ಟೈರು, ಕಡಿಮೆ ಗಾಳಿ, ಮುಂದಿನ ಟೈರಿನ ಅಂಚಿನಲ್ಲಿ ಗಟ್ಟಿ ಗುಬುಟು ಸಹಾಯಕ್ಕೆ ಬರುತ್ತವೆ. ಕೊಂಕಣದ, ಮಲೆನಾಡಿನ ಮಳೆಗಾಲದ ಮಣ್ಣಿಗೆ ಗುಬುಟುಗಳ ನಡುವೆ ದೂರ ಬೇಕು, ಇಲ್ಲವಾದರೆ ಕೆಸರು ಮೆತ್ತಿ ಚಕ್ರ ಬಿಸ್ಕತ್ತಿನಂತೆ ನುಣುಪಾಗುತ್ತದೆ. ಒಂದೇ ಜೊತೆ ಕೊಳ್ಳುವುದಾದರೆ ಮುಂದೆ ಹಿಡಿತದ್ದು, ಹಿಂದೆ ಉರುಳುವಂಥದ್ದು. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ನೆಲವೇ ಗತಿ.

ಒಳಪೆಡಲ್ ಹೊಡೆದವರ ತಪ್ಪು

ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ಇದು. ಸೈಕಲ್ ಅಳತೆಗೆ ಸವಾರ ಹೊಂದಿಕೊಳ್ಳಬೇಕು ಎಂಬುದು ಅದರ ರಕ್ತದಲ್ಲೇ ಇದೆ. ಹಾಗಾಗಿ ಅಂಗಡಿಯವನು "ಮೀಡಿಯಂ ಖಾಲಿ, ಲಾರ್ಜ್‌ಗೆ ರಿಯಾಯಿತಿ ಇದೆ" ಎಂದರೆ ಲಾರ್ಜ್ ಮನೆಗೆ ಬರುತ್ತದೆ. ಬಾಡಿಗೆ ಸೈಕಲ್ಲಿನಲ್ಲಿ ಹಾಲಿನ ಬೂತಿಗೆ ಹೋಗಲು ಅದು ನಡೆಯುತ್ತಿತ್ತು. ಎರಡು ಗಂಟೆ ಗುಡ್ಡದಲ್ಲಿ ತುಳಿದು ಆಮೇಲೆ ಓಡಲು ನಡೆಯುವುದಿಲ್ಲ. ಒಂದು ಅಳತೆ ದೊಡ್ಡದಾದ ಸೈಕಲ್ ಎಷ್ಟೇ ಹಗುರವಿದ್ದರೂ ತಪ್ಪು ಸೈಕಲ್ಲೇ. ಕುಳ್ಳಗಿರುವವರಿಗೆ, ಅದರಲ್ಲೂ ಮಹಿಳೆಯರಿಗೆ, ಈ ಅನ್ಯಾಯ ಹೆಚ್ಚು. ಐದಡಿ ಎರಡಂಗುಲದವರಿಗೆ ಸರಿಹೊಂದುವ ಚೌಕಟ್ಟು ಅಂಗಡಿಯಲ್ಲಿ ಇಟ್ಟಿರುವುದೇ ಕಡಿಮೆ. ತರಿಸಿ ಕೊಡಿ ಎಂದು ಹಟ ಹಿಡಿಯುವುದೇ ದಾರಿ. ತಿಂಗಳು ಕಾಯುವುದು ಹತ್ತು ವರ್ಷ ಕಷ್ಟಪಡುವುದಕ್ಕಿಂತ ಮೇಲು.

ಚಕ್ರದ ಅಳತೆಯ ಜಗಳ ಈಗ ಬಹುಮಟ್ಟಿಗೆ ಮುಗಿದಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಯಾರೋಸ್ಲಾವ್ ಕುಲ್ಹಾವಿ 29 ಇಂಚಿನ ಚಕ್ರದಲ್ಲಿ ಚಿನ್ನ ಗೆದ್ದರು, 27.5ರಲ್ಲಿ ಬಂದ ನಿನೊ ಶೂರ್ಟರ್‌ಗೆ ಬೆಳ್ಳಿ. ಅಲ್ಲಿಂದ ಮುಂದೆ ಶೂರ್ಟರ್ ಕೂಡ 29ಕ್ಕೆ ಬಂದರು. ದೊಡ್ಡ ಚಕ್ರ ಗುಂಡಿಗೆ ಬೀಳುವುದು ಕಡಿಮೆ, ಕಲ್ಲು ಹತ್ತುವುದು ಸುಲಭ. ತೀರ ಸಣ್ಣ ಚೌಕಟ್ಟಿಗೆ 27.5 ಇದ್ದರೆ ತಪ್ಪಿಲ್ಲ. ಹಳೆಯ 26 ಇಂಚಿನ ಸೈಕಲ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಎರಡು ಬಾರಿ ಯೋಚಿಸಬೇಕು. ಚಕ್ರದ ಕಾರಣಕ್ಕಷ್ಟೇ ಅಲ್ಲ. ಆ ಕಾಲದ ಸೈಕಲ್ಲುಗಳ ಮುಂದಿನ ಫೋರ್ಕು ಹೆಚ್ಚು ನೆಟ್ಟಗೆ, 70 ಡಿಗ್ರಿಗೂ ಮೇಲೆ ನಿಂತಿರುತ್ತಿತ್ತು. ಈಗಿನವು 67, 68ಕ್ಕೆ ವಾಲಿರುತ್ತವೆ. ಮುಂದಿನ ಚಕ್ರ ಸವಾರನಿಂದ ದೂರ ಇದ್ದಷ್ಟೂ ಇಳಿಜಾರಿನಲ್ಲಿ ತಲೆಕೆಳಗಾಗುವ ಭಯ ಕಡಿಮೆ.

ಗೇರಿನಲ್ಲಿ ನೋಡಬೇಕಾದದ್ದು ಎಷ್ಟು ಗೇರು ಎಂದಲ್ಲ, ಅತಿ ಹಗುರವಾದ ಗೇರು ಎಷ್ಟು ಹಗುರ ಎಂದು. ಮುಂದೆ 34 ಹಲ್ಲು, ಹಿಂದೆ 46 ಹಲ್ಲಿನ ದೊಡ್ಡ ಚಕ್ರ ಇರುವ ಸೈಕಲ್ ಒಂದು ಸುತ್ತು ತುಳಿತಕ್ಕೆ 1.7 ಮೀಟರ್ ಹೋಗುತ್ತದೆ. ಮುಂದೆ 32, ಹಿಂದೆ 51 ಇದ್ದರೆ ಸುಮಾರು 1.44 ಮೀಟರ್. ಸವಾರ, ಸೈಕಲ್ ಸೇರಿ 85 ಕೆ.ಜಿ., ಶೇ 15ರ ಏರು, ನಿಮಿಷಕ್ಕೆ 60 ಸುತ್ತು ಎಂದರೆ ಮೊದಲನೆಯದಕ್ಕೆ ಗುರುತ್ವದ ವಿರುದ್ಧವೇ ಸುಮಾರು 210 ವಾಟ್ ಬೇಕು, ಎರಡನೆಯದಕ್ಕೆ 180 ಸಾಕು. ಆ 30 ವಾಟ್ ಇಲ್ಲದವರು ಇಳಿದು ತಳ್ಳುತ್ತಾರೆ. 2018ರಲ್ಲಿ ಶಿಮಾನೋ ತನ್ನ ದುಬಾರಿ ಎಕ್ಸ್‌ಟಿಆರ್‌ನಲ್ಲಿ ತಂದ 10ರಿಂದ 51 ಹಲ್ಲಿನ 12 ಗೇರುಗಳ ವ್ಯವಸ್ಥೆ 2020ರಲ್ಲಿ ಮಧ್ಯಮ ಬೆಲೆಯ ಡಿಯೋರೆಗೂ ಇಳಿಯಿತು. ಸಾಮಾನ್ಯ ಸವಾರನಿಗೆ ಈ ದಶಕದಲ್ಲಿ ಸಿಕ್ಕ ದೊಡ್ಡ ಉಡುಗೊರೆ ಬಹುಶಃ ಅದೇ.

ಹನ್ನೆರಡಾಣೆ, ನಾಲ್ಕಾಣೆ

ಭಾರತದಲ್ಲಿ ಒಳ್ಳೆಯ ಮೌಂಟನ್ ಬೈಕ್ ಎಂದರೆ ಹೆಚ್ಚಾಗಿ ಹೊರಗಿನಿಂದ ಬಂದದ್ದು. 2023ರ ಬಜೆಟ್ ಆಮದು ಸೈಕಲ್ಲಿನ ಸುಂಕವನ್ನು ಶೇ 30ರಿಂದ 35ಕ್ಕೆ ಏರಿಸಿತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ಹೇಗಿದ್ದರೂ ಬೇರೆ ದೇಶದವನು ಕೊಡುವುದಕ್ಕಿಂತ ಇಲ್ಲಿನವನು ಅದೇ ಸೈಕಲ್ಲಿಗೆ ಹೆಚ್ಚು ಕೊಡುತ್ತಾನೆ. ಆದ್ದರಿಂದ ತಪ್ಪು ಆಯ್ಕೆಯ ಹೊರೆಯೂ ಇಲ್ಲಿ ಹೆಚ್ಚು. ಕಂತಿನಲ್ಲಿ ಮೂರು ಲಕ್ಷದ ಸೈಕಲ್ ತಂದು, ಅದು ಗೀಚೀತು ಎಂಬ ಭಯಕ್ಕೆ ಗುಡ್ಡಕ್ಕೇ ಒಯ್ಯದೆ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ ಸೈಕಲ್ಲುಗಳು ಎಲ್ಲ ನಗರದಲ್ಲೂ ಇವೆ.

ಒಂದು ಸರಳ ಹಂಚಿಕೆ ಮಾಡಿಕೊಳ್ಳಬಹುದು. ಕೈಯಲ್ಲಿರುವ ರೂಪಾಯಿಯಲ್ಲಿ ಹನ್ನೆರಡಾಣೆ ಮಾತ್ರ ಸೈಕಲ್ಲಿಗೆ. ಉಳಿದ ನಾಲ್ಕಾಣೆಯಲ್ಲಿ ನೆಲಕ್ಕೆ ತಕ್ಕ ಟೈರು, ಟ್ಯೂಬ್‌ಲೆಸ್ ಸಾಮಗ್ರಿ, ಡ್ರಾಪರ್, ಒಳ್ಳೆಯ ಹೆಲ್ಮೆಟ್ಟು, ಕೈಗವಸು, ಕೂರುವ ಅಳತೆ ಸರಿಪಡಿಸಿಕೊಡುವವನ ಕೂಲಿ. ಇನ್ನೊಂದು ಸಣ್ಣ ವಸ್ತು ಮರೆಯಬಾರದು: ಗೇರು ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್. ಬಿದ್ದಾಗ ಚೌಕಟ್ಟು ಉಳಿಯಲಿ ಎಂದು ತಾನು ಬಗ್ಗುವಂತೆ, ಮುರಿಯುವಂತೆ ಮಾಡಿದ ತುಂಡು ಅದು. ಅನೇಕ ಸೈಕಲ್ಲುಗಳಿಗೆ ಅವುಗಳದೇ ಆಕಾರದ ಹ್ಯಾಂಗರ್; ಹೊರ ಊರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸ್ಪರ್ಧೆಗೆ ಸೈಕಲ್ಲನ್ನು ಪೆಟ್ಟಿಗೆಗೆ ಹಾಕಿ ವಿಮಾನದಲ್ಲಿ ಒಯ್ಯುವವರ ಚೀಲದಲ್ಲಿ ಒಂದು ಹೆಚ್ಚಿನದು ಇರಲೇಬೇಕು.

ಪೆಡಲ್ ವಿಷಯದಲ್ಲೂ ಆತುರ ಬೇಡ. ಶೂಗೆ ಕೊಕ್ಕೆ ಹಾಕಿ ಬಿಗಿಯುವ ಪೆಡಲ್ ಇಲ್ಲದಿದ್ದರೆ ಟ್ರಯಥ್ಲಾನ್ ಅಲ್ಲ ಎಂಬಂತೆ ಮಾತಾಡುವವರಿದ್ದಾರೆ. ಮೊದಲ ವರ್ಷ ಮೊಳೆ ಇರುವ ಚಪ್ಪಟೆ ಪೆಡಲ್ ಸಾಕು. ಹೆದರಿಕೆಯಾದಾಗ ಕಾಲು ತಟ್ಟನೆ ನೆಲಕ್ಕೆ ಬರುತ್ತದೆ, ಓಟದ ಶೂನಲ್ಲೇ ತುಳಿದರೆ ಸೈಕಲ್ ಇಳಿದ ಮೇಲೆ ಶೂ ಬದಲಿಸುವ ಕೆಲಸವೂ ಇಲ್ಲ. ತುಳಿತದಲ್ಲಿ ಸ್ವಲ್ಪ ನಷ್ಟವಾದರೆ ಆಗಲಿ. ಕೊಕ್ಕೆಯಿಂದ ಕಾಲು ಬಿಡಿಸಿಕೊಳ್ಳಲಾಗದೆ ಕಲ್ಲಿನ ಮೇಲೆ ಪಕ್ಕಕ್ಕೆ ಬಿದ್ದವರಿಗೆ ಆ ಲೆಕ್ಕ ಬೇಗ ಅರ್ಥವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಹಗುರ ಸೈಕಲ್ಲಿನ ಆಸೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ವೇದಿಕೆಯ ಮೇಲೆ ನಿಲ್ಲಲು ಒಂದು ನಿಮಿಷ ಸಾಲದಾದವರಿಗೆ ಆ ಒಂದು ನಿಮಿಷ ಕೊಳ್ಳುವ ಹಕ್ಕಿದೆ. ಆದರೆ ಹೊಸಬರಲ್ಲಿ ಬಹಳ ಮಂದಿ ಕೊಳ್ಳುತ್ತಿರುವುದು ತಮಗಿಲ್ಲದ ಕೊರತೆಗೆ ಮದ್ದು. ಅವರಿಗೆ ಇರುವ ಕೊರತೆ ಇಳಿಜಾರಿನ ಭಯ. ಅದಕ್ಕೆ ಮದ್ದು ಅಂಗಡಿಯಲ್ಲಿ ಅರ್ಧ ಸಿಗುತ್ತದೆ. ಇನ್ನರ್ಧ ಭಾನುವಾರ ಬೆಳಿಗ್ಗೆ ಒಂದೇ ಇಳಿಜಾರನ್ನು ಹತ್ತು ಬಾರಿ ಇಳಿದರೆ ಸಿಗುತ್ತದೆ.

ಹಾಗಾಗಿ ಕೊಳ್ಳುವ ದಿನ ಒಂದು ಕೆಲಸ ಮಾಡಬಹುದು. ಸೈಕಲ್ಲನ್ನು ಎತ್ತುವ ಬದಲು ಅದರ ಮೇಲೆ ಹತ್ತಿ, ಅಂಗಡಿಯ ಮುಂದಿನ ಪಾರ್ಕಿಂಗ್ ಇಳಿಜಾರಾದರೂ ಸರಿ, ಗೆಳೆಯನ ಸೈಕಲ್ ಎರವಲು ಪಡೆದು ಊರಾಚೆಯ ಗುಡ್ಡವಾದರೂ ಸರಿ, ಒಮ್ಮೆ ಇಳಿಸಿ ನೋಡಬೇಕು. ಸೀಟು ತಗ್ಗಿಸಿ, ಎರಡೂ ಬ್ರೇಕಿಗೆ ಒಂದೊಂದೇ ಬೆರಳು ಇಟ್ಟು, ಕಣ್ಣನ್ನು ಮುಂದಿನ ಚಕ್ರದಿಂದ ಎತ್ತಿ ಹತ್ತು ಮಾರು ಆಚೆ ನೆಟ್ಟು. ಕೆಳಗೆ ತಲುಪಿದಾಗ ಹಲ್ಲು ಕಚ್ಚಿಕೊಂಡಿರದಿದ್ದರೆ, ಮುಷ್ಟಿ ಸಡಿಲವಾಗಿದ್ದರೆ, ಮತ್ತೆ ಒಮ್ಮೆ ಹೋಗೋಣ ಅನ್ನಿಸಿದರೆ, ಬೆಲೆ ಕೇಳಬಹುದು. ಎಷ್ಟು ಕೆ.ಜಿ. ಎಂದು ಆಮೇಲೆ ಕೇಳಿದರೂ ನಡೆಯುತ್ತದೆ.